ಇಂಥವರ ಮನೆಯಿಂದ ಇಂಥವರ ಮನೆಯವರೆಗೆ



ಈ ದತ್ತಿ ಉಪನ್ಯಾಸದ ‘ದತ್ತಿ’ ಎನ್ನುವುದು ಶಾಸನಗಳ ಕಾಲದಿಂದ ಬಂದ ಮಾತು. ಚಾಲುಕ್ಯರ, ಹೊಯ್ಸಳರ ಕಾಲದ ಕಲ್ಲುಗಳನ್ನು ಓದಿದವರಿಗೆ ಅದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಗುಡಿಗೋ ಕೆರೆಗೋ ಯಾರೋ ಗದ್ದೆ ಬಿಟ್ಟರು. ಎಷ್ಟು ಗದ್ದೆ, ಮೂಡಲ ಗಡಿ ಯಾವುದು, ಪಡುವಲ ಗಡಿ ಯಾವುದು, ಹುಟ್ಟುವಳಿ ಯಾವ ಕೆಲಸಕ್ಕೆ ಸಲ್ಲಬೇಕು, ಅಳಿಪಿದವರಿಗೆ ಎಂಥ ಪಾಪ ಸುತ್ತಿಕೊಳ್ಳುತ್ತದೆ, ಇಷ್ಟನ್ನೂ ಕಲ್ಲಲ್ಲಿ ಕೊರೆಸಿ ನಿಲ್ಲಿಸಿದರು. ಪಾಪದ ಭಾಗವನ್ನು ನಾವು ರಸವತ್ತಾಗಿ ಹೇಳಿಕೊಳ್ಳುತ್ತೇವೆ. ನನ್ನ ಕಣ್ಣು ಹೋಗುವುದು ಕಲ್ಲು ನಿಂತ ಜಾಗದ ಕಡೆಗೆ. ಕೆರೆಯ ಲೆಕ್ಕ ಕೆರೆ ಏರಿಯ ಮೇಲೆ, ಗುಡಿಯ ಲೆಕ್ಕ ಗುಡಿಯ ಅಂಗಳದಲ್ಲಿ. ಊರಿನವರೆಲ್ಲ ಓದಬಲ್ಲವರಾಗಿದ್ದರು ಎಂದು ನಾನು ಹೇಳಲಾರೆ. ಆದರೆ ಓದು ಬಾರದವನಿಗೂ ಈ ಕಲ್ಲು ಯಾವ ಗದ್ದೆಯ ಮಾತು ಹೇಳುತ್ತದೆ ಎಂಬುದು ತಿಳಿದಿರಲು ಸಾಧ್ಯವಿತ್ತು. ಜಗಳ ಬಂದ ದಿನ ಓದಬಲ್ಲವನೊಬ್ಬನನ್ನು ಕರೆತಂದು ಅದರ ಮುಂದೆ ನಿಲ್ಲಿಸಿದರಾಯಿತು.

ನಾನು ಸರಕಾರಿ ಕಚೇರಿಗಳಲ್ಲಿ ಅಂಕಿಅಂಶ ಕೂಡಿಸುತ್ತಲೇ ತಲೆ ನರೆಸಿಕೊಂಡವನು. ಅಂದಿನ ಕಲ್ಲಿನ ಹಾಗೆ ಇಂದಿನ ಸರಕಾರದ ಲೆಕ್ಕ ಬಡವರ ಬೀದಿಗೆ ತಲುಪುವುದು ಹೇಗೆ ಎಂಬುದು ಇವತ್ತಿನ ವಿಷಯ. ಈ ವಿಷಯವನ್ನು ನನಗೆ ಕಲಿಸಿದ್ದು ಯಾವ ತರಬೇತಿ ಸಂಸ್ಥೆಯೂ ಅಲ್ಲ, ಒಬ್ಬ ಮುದುಕಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಅದೊಂದು ತಾಲ್ಲೂಕು ಕೇಂದ್ರ, ಹೆಸರು ಬೇಡ. ಮಾರುಕಟ್ಟೆ ಯಾರ್ಡಿನ ಹಿಂದೆ ಹಮಾಲಿಗಳು, ಪೌರಕಾರ್ಮಿಕರು ಇರುವ ಒಂದು ಬೀದಿ. ನಲವತ್ತು ಮನೆ ಇದ್ದಾವು. ಬೀದಿ ಕೊನೆಯ ತೊಂಬೆಗೆ ಮೂರು ದಿನಕ್ಕೊಮ್ಮೆ ನೀರು. ನನ್ನ ಕೈಯಲ್ಲಿದ್ದ ಕೋಷ್ಟಕದ ಪ್ರಕಾರ ಆ ವಾರ್ಡಿನ ಹೆಚ್ಚುಕಡಿಮೆ ಎಲ್ಲ ಮನೆಗೂ ನಲ್ಲಿ ಇತ್ತು. ನಾನು ಪುಸ್ತಕ ಹಿಡಿದು ನಿಂತಿದ್ದನ್ನು ನೋಡಿ ಆ ಅಜ್ಜಿ ಬಿಂದಿಗೆ ಕೆಳಗಿಟ್ಟು, ‘ಸ್ವಾಮಿ, ನಿಮ್ಮ ಪುಸ್ತಕದಾಗೆ ನಮ್ಮ ಬೀದಿ ಎಲ್ಲೈತೆ, ತೋರ್ಸಿ’ ಅಂದಳು. ನಾನು ಪುಟ ತಿರುವಿದೆ. ವಾರ್ಡ್ ಇತ್ತು, ಬೀದಿ ಇರಲಿಲ್ಲ.

ಕಚೇರಿಗೆ ಮರಳಿ ಕ್ರಿಯಾಯೋಜನೆಯ ಕಡತ ತೆಗೆಸಿದೆ. ನಮ್ಮ ಊರುಗಳಲ್ಲಿ ಕಾಮಗಾರಿಗೆ ಹೆಸರಿಡುವ ರೀತಿ ನಿಮಗೆ ಗೊತ್ತು: ‘ಇಂಥ ವಾರ್ಡಿನಲ್ಲಿ ಇಂಥವರ ಮನೆಯಿಂದ ಇಂಥವರ ಮನೆಯವರೆಗೆ ಪೈಪ್‌ಲೈನ್ ಅಳವಡಿಸುವುದು’. ಅಂಥದೊಂದು ಕಾಮಗಾರಿ ಅಲ್ಲಿತ್ತು. ಅಳತೆ ಪುಸ್ತಕ ಬರೆದಾಗಿತ್ತು, ಬಿಲ್ಲೂ ಆಗಿತ್ತು. ಮರುದಿನ ಹೋಗಿ ಆ ಹೆಸರು ಓದಿದೆ. ಅಜ್ಜಿ ನಕ್ಕಳು. ಎರಡನೆಯ ‘ಇಂಥವರು’ ಅವಳೇ. ಪೈಪು ನಿಜವಾಗಿಯೂ ಅವಳ ಮನೆಯವರೆಗೆ ಬಂದಿತ್ತು. ಆದರೆ ಮುಖ್ಯ ಕೊಳವೆಗೆ ಜೋಡಿಸಿರಲಿಲ್ಲ. ನಡುವೆ ಹೊಸದಾಗಿ ಡಾಂಬರು ಹಾಕಿದ ರಸ್ತೆ. ಅದನ್ನು ಅಗೆಯಲು ಇನ್ನೊಂದು ಇಲಾಖೆಯ ಅನುಮತಿ ಬೇಕು, ಆ ಕಾಗದ ಎಲ್ಲೋ ಕೂತಿತ್ತು. ಒಣ ಪೈಪು ಮಣ್ಣಿನೊಳಗೆ ಮಲಗಿತ್ತು. ಗುತ್ತಿಗೆದಾರ ಪೈಪು ಹಾಕಿದ್ದ, ಎಂಜಿನಿಯರು ಅಳೆದಿದ್ದ, ಗುಮಾಸ್ತ ಬರೆದಿದ್ದ, ನಾನು ಕೂಡಿಸಿದ್ದೆ. ಸುಳ್ಳು ಬರೆದವರು ಯಾರೂ ಇರಲಿಲ್ಲ.

ಒಂದು ವಿಚಿತ್ರ ಗಮನಿಸಿ. ಆ ಕಾಮಗಾರಿಯ ಹೆಸರು ಬೀದಿಯ ಮಾತಿನಲ್ಲೇ ಹುಟ್ಟಿತ್ತು. ಯಾರ ಮನೆಯಿಂದ ಯಾರ ಮನೆಗೆ ಎಂದರೆ ಬೀದಿಯ ಕೂಸಿಗೂ ಅರ್ಥವಾಗುತ್ತದೆ. ಪುರಸಭೆಯಿಂದ ಜಿಲ್ಲೆಗೆ ಏರುವಾಗ ಅದು ‘ವಾರ್ಡ್ ನೀರು ಸರಬರಾಜು’ ಆಯಿತು, ರಾಜಧಾನಿಗೆ ಏರುವಾಗ ‘ಮೂಲಸೌಕರ್ಯ’ ಆಯಿತು, ಜಾಲತಾಣಕ್ಕೆ ಇಳಿಯುವ ಹೊತ್ತಿಗೆ ಒಂದು ಶೇಕಡಾವಾರು ಆಯಿತು. ಮೇಲೆ ಹೋಗುವಾಗ ಕಳೆದ ಮನೆಗಳು ಕೆಳಗೆ ಬರುವಾಗ ಸಿಗಲಿಲ್ಲ. ದತ್ತಾಂಶ ಮುಕ್ತವಾಗಬೇಕು ಎಂದು ಇವತ್ತು ಎಲ್ಲರೂ ಹೇಳುತ್ತಾರೆ. ಮುಕ್ತವಾದದ್ದು ಯಾವ ಅಳತೆಯಲ್ಲಿದೆ ಎಂದು ಕೇಳುವವರು ಕಡಿಮೆ.

ಅಳತೆ ಸರಿಯಾಗಿದ್ದರೆ ಏನಾಗಬಹುದು ಎನ್ನುವುದಕ್ಕೆ ನಾನು ಬಲ್ಲ ಗಟ್ಟಿ ಉದಾಹರಣೆ ದೂರದ್ದು, ಅಮೆರಿಕದ ಒಹಾಯೊ ರಾಜ್ಯದ್ದು. ಅಲ್ಲಿ ಝೇನ್ಸ್‌ವಿಲ್ ಎಂಬ ಊರಿದೆ. ಊರಾಚೆ ಕೋಲ್ ರನ್ ಎಂಬ ಕೇರಿ. ಹೆಚ್ಚಿನವರು ಕಪ್ಪು ಜನ. ಹೆಸರೇ ಹೇಳುವಂತೆ ಅದು ಕಲ್ಲಿದ್ದಲು ಗಣಿಯ ನೆಲ, ಗಣಿಯಿಂದಾಗಿ ಬಾವಿ ನೀರು ಕೆಟ್ಟಿತ್ತು. ಊರಿನ ಕೊಳವೆ ನೀರು ಸುತ್ತಮುತ್ತಲ ಬಿಳಿಯರ ಮನೆಗಳಿಗೆ ಹೋಗಿತ್ತು. ಈ ಕೇರಿಗೆ ಸುಮಾರು ಐದು ದಶಕ ಬರಲಿಲ್ಲ. ಜನ ಮಳೆನೀರು ಹಿಡಿದರು, ವಾಹನಗಳಲ್ಲಿ ತೊಟ್ಟಿ ಇಟ್ಟುಕೊಂಡು ನೀರು ಹೊತ್ತು ತಂದರು. ಇಪ್ಪತ್ತೊಂದನೆಯ ಶತಮಾನ ಕಾಲಿಟ್ಟಾಗಲೂ, ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ, ಹೀಗೇ ನಡೆದಿತ್ತು.

2003ರಲ್ಲಿ ಅವರು ದಾವೆ ಹೂಡಿದರು. ಜಿಲ್ಲೆಯಲ್ಲಿ ಕೊಳವೆ ನೀರು ಇಲ್ಲದ ಬಿಳಿಯರ ಮನೆಗಳೂ ಇವೆ, ಇದರಲ್ಲಿ ಬಣ್ಣದ ಮಾತೇನು ಬಂತು ಎಂಬುದು ಆಡಳಿತದ ವಾದ. ಇದು ನನ್ನ ಕೋಷ್ಟಕದ ವಾದವೇ. ಸರಾಸರಿಯ ಹಿಂದೆ ಅಡಗಿ ಕೂತರೆ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ. ಆಗ ನಿವಾಸಿಗಳ ಪರವಾಗಿ ಉತ್ತರ ಕೆರೊಲಿನಾದ ಸೀಡರ್ ಗ್ರೋವ್ ಎಂಬ ಸಂಸ್ಥೆಯವರು ಒಂದು ನಕ್ಷೆ ಮಾಡಿದರು. ಅಲನ್ ಪಾರ್ನೆಲ್ ಆ ಕೆಲಸದಲ್ಲಿದ್ದವರು. ಅವರು ಮಾಡಿದ್ದು ಮಾಂತ್ರಿಕ ವಿದ್ಯೆಯೇನಲ್ಲ. ನೀರಿನ ಕೊಳವೆ ಎಲ್ಲೆಲ್ಲಿ ಹೋಗಿದೆ ಎಂಬುದು ಒಂದು ಕಡೆ ಇತ್ತು, ಮನೆಗಳು ಎಲ್ಲಿವೆ ಎಂಬುದು ಇನ್ನೊಂದು ಕಡೆ. ಅದರ ಮೇಲೆ, ಯಾವ ಮನೆಯಲ್ಲಿ ಕಪ್ಪು ಜನ, ಯಾವ ಮನೆಯಲ್ಲಿ ಬಿಳಿಯರು ಎಂಬುದನ್ನು ಗುರುತು ಹಾಕಿದರು. ಹಾಳೆಯ ಮೇಲೆ ಹಾಳೆ ಇಟ್ಟಂತೆ. ಕೊಳವೆ ಎಲ್ಲಿ ನಿಲ್ಲುತ್ತದೆ, ಕಪ್ಪು ಚುಕ್ಕೆಗಳು ಎಲ್ಲಿ ಶುರುವಾಗುತ್ತವೆ ಎಂಬುದು ಕಣ್ಣಿಗೆ ರಾಚಿತು.

2008ರ ಜುಲೈಯಲ್ಲಿ ಜ್ಯೂರಿ 67 ನಿವಾಸಿಗಳಿಗೆ ಒಟ್ಟು ಒಂದು ಕೋಟಿ ಡಾಲರಿಗೂ ಮೇಲ್ಪಟ್ಟ ಪರಿಹಾರ ವಿಧಿಸಿತು. ಮೊಕದ್ದಮೆ ಹೂಡಿದ ಮೇಲೆ, ತೀರ್ಪು ಬರುವುದಕ್ಕೂ ಮೊದಲೇ ನೀರೂ ಬಂದಿತ್ತು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನಕ್ಷೆಯನ್ನು ಹೊಗಳಿ ಮುಗಿಸುತ್ತಾರೆ. ಆದರೆ ನಕ್ಷೆಯೊಂದೇ ನೀರು ತರಲಿಲ್ಲ. ಐವತ್ತು ವರ್ಷ ನೀರು ಹೊತ್ತ ಭುಜಗಳ ಸಾಕ್ಷಿ ಇತ್ತು, ವಾದಿಸುವ ವಕೀಲರಿದ್ದರು, ತಾರತಮ್ಯವನ್ನು ನಿಷೇಧಿಸುವ ಕಾನೂನಿತ್ತು, ಕೇಳಿಸಿಕೊಳ್ಳುವ ನ್ಯಾಯಾಲಯವಿತ್ತು. ಇವುಗಳ ನಡುವೆ ನಕ್ಷೆಯನ್ನು ಇಟ್ಟಾಗ ಅದಕ್ಕೆ ಬಾಯಿ ಬಂತು. ಅದೇ ಮಾಹಿತಿ ಆ ಮುಂಚೆಯೂ ಕಚೇರಿಗಳಲ್ಲಿ ಇದ್ದೇ ಇತ್ತು, ಮೂಗನ ಹಾಗೆ.

ಈಗ ನಮ್ಮ ಮನೆಯ ಕಥೆಗೆ ಬರೋಣ, ಇದು ಅಷ್ಟು ಸಿಹಿಯಲ್ಲ. ‘ಭೂಮಿ’ ಯೋಜನೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದೇವೆ, ನಾನೂ ಹೇಳಿದ್ದೇನೆ. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮಲೆಕ್ಕಿಗರ ಹಿಂದೆ ಅಲೆಯುತ್ತಿದ್ದವನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದ. ಅದು ಸಣ್ಣ ಸಂಗತಿಯಲ್ಲ. ಪಹಣಿಗಾಗಿ ಅಲೆದವರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು. ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್, ಭುವನೇಶ್ವರಿ ರಾಮನ್ ಮತ್ತವರ ಜತೆಗಾರರು ಬೆಂಗಳೂರಿನ ಸುತ್ತಲಿನ ಹಳ್ಳಿಗಳನ್ನು ನೋಡಿ ಬೇರೆಯೇ ಮಾತು ಬರೆದರು. ದಾಖಲೆ ಒಂದೇ ಕಡೆ ಸೇರಿ ಸುಲಭವಾದಾಗ ಅದನ್ನು ಬಾಚಿಕೊಂಡವರು ದೊಡ್ಡ ಪ್ರಮಾಣದಲ್ಲಿ ಭೂಮಿ ಹುಡುಕುತ್ತಿದ್ದವರು, ಸಣ್ಣ ಹಿಡುವಳಿದಾರನ ಕೈ ಇನ್ನಷ್ಟು ಸೋತಿತು ಎಂಬುದು ಅದರ ಸಾರ. ಕೆನಡಾದ ಮೈಕೆಲ್ ಗರ್ಸ್ಟೀನ್ ಇದೇ ಉದಾಹರಣೆ ಹಿಡಿದು, ತೆರೆದ ದತ್ತಾಂಶ ಮೊದಲೇ ಬಲ ಇದ್ದವರಿಗೆ ಮತ್ತಷ್ಟು ಬಲ ಕೊಡುತ್ತಿದೆಯೇ ಎಂದು ಜಗತ್ತಿನ ಮುಂದೆ ಕೇಳಿದರು.

ಇದಕ್ಕೆ ನನ್ನ ಮಾತು ಸೇರಿಸುವುದಾದರೆ: ಬಾಗಿಲು ತೆರೆದಾಗ ಮೊದಲು ಒಳಗೆ ಬರುವವನು ಬಾಗಿಲ ಹತ್ತಿರ ಕಾಯುತ್ತಿದ್ದವನು. ಕೂಲಿ ಬಿಟ್ಟು ಬರಬೇಕಾದವಳು ಸಂಜೆಗೆ ಬರುತ್ತಾಳೆ. ಅಷ್ಟರಲ್ಲಿ ಒಳಗೆ ಏನೂ ಉಳಿದಿರುವುದಿಲ್ಲ. ಹಾಗೆಂದು ಬಾಗಿಲು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಸಂಜೆ ಬರುವವಳ ಪಾಲನ್ನು ಎತ್ತಿಡುವ ವ್ಯವಸ್ಥೆ ಯಾವುದು ಎಂಬುದಷ್ಟೇ ಪ್ರಶ್ನೆ.

ಇನ್ನೊಂದು ತೊಡಕಿದೆ. ಎಣಿಕೆಗೇ ಸಿಗದವರಿಗೆ ಯಾವ ಲೆಕ್ಕವನ್ನು ತೆರೆದು ತೋರಿಸುವುದು? 2011ರ ಜನಗಣತಿ ಕೊಳೆಗೇರಿಯನ್ನು ಗುರುತಿಸುವಾಗ ಒಂದು ಅಳತೆ ಇಟ್ಟುಕೊಂಡಿತ್ತು: ಸರಕಾರ ಘೋಷಿಸದ ಜಾಗವಾದರೆ ಕನಿಷ್ಠ 300 ಜನ, ಅಥವಾ 60-70 ಮನೆ ಇರಬೇಕು. ಅಜ್ಜಿಯ ಬೀದಿಯಲ್ಲಿ ನಲವತ್ತು ಮನೆ. ಕೊಳೆಗೇರಿ ಎನಿಸಿಕೊಳ್ಳುವಷ್ಟು ಬಡತನ ಅಲ್ಲಿತ್ತು, ಮನೆಗಳು ಸಾಲಲಿಲ್ಲ.

ಎಣಿಕೆಗೆ ಸಿಗದವರು ತಾವೇ ಎಣಿಸಿಕೊಂಡ ಕಥೆಯ ನಾಯಕ ನಮ್ಮವನೇ. ಜೋಕಿನ್ ಅರ್ಪುತಂ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಹರೆಯದಲ್ಲೇ ಮುಂಬಯಿಗೆ ಹೋಗಿ ಜನತಾ ಕಾಲೊನಿ ಎಂಬ ಕೊಳೆಗೇರಿಯಲ್ಲಿ ನೆಲೆಸಿದರು. ಪಾಲಿಕೆಯವರು ಕಸ ಎತ್ತದಿದ್ದಾಗ ಕೇರಿಯ ಮಕ್ಕಳ ಕೈಯಲ್ಲಿ ಕಸದ ಪೊಟ್ಟಣ ಕೊಟ್ಟು ಆ ಕಚೇರಿಯ ಮುಂದೆಯೇ ಸುರಿಸಿದರು ಎಂದು ಅವರು ಹೇಳಿಕೊಳ್ಳುತ್ತಿದ್ದರು. 1976ರಲ್ಲಿ ಆ ಕಾಲೊನಿಯನ್ನೇ ಕೆಡವಿದರು. ಅಷ್ಟರಲ್ಲಿ ಅವರು ದೇಶದ ಕೊಳೆಗೇರಿ ನಿವಾಸಿಗಳ ಒಕ್ಕೂಟ ಕಟ್ಟಲು ತೊಡಗಿದ್ದರು. ಇತ್ತ 1985ರಲ್ಲಿ, ಪಾದಚಾರಿ ಮಾರ್ಗದಲ್ಲಿ ಬದುಕುವವರನ್ನು ಎಬ್ಬಿಸಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದ ವರ್ಷದಲ್ಲೇ, ಶೀಲಾ ಪಟೇಲ್ ಮತ್ತು ಗೆಳತಿಯರು ಕಟ್ಟಿದ ಸ್ಪಾರ್ಕ್ ಸಂಸ್ಥೆ ಆ ಜನರೊಂದಿಗೇ ಕೂತು ಸುಮಾರು ಆರು ಸಾವಿರ ಕುಟುಂಬಗಳ ಗಣತಿ ಮಾಡಿತು. ‘ಕಣ್ಣಿಗೆ ಕಾಣದ ನಾವು’ ಎಂಬ ಅರ್ಥದ ಹೆಸರು ಆ ವರದಿಗೆ. ಇವರೆಲ್ಲ ನಿನ್ನೆ ಮೊನ್ನೆ ಬಂದು ಬಿದ್ದವರು ಎಂಬ ನಂಬಿಕೆ ಅದರಲ್ಲಿ ಕಳಚಿತು. ವರ್ಷಗಟ್ಟಲೆ ಅಲ್ಲೇ ಇದ್ದವರು, ಕೆಲಸಕ್ಕೆ ನಡೆದು ಹೋಗುವವರು, ನಡೆದು ಹೋಗಲಿಕ್ಕಾಗಿಯೇ ಅಲ್ಲಿ ಇದ್ದವರು. ಆ ಬೀದಿಗಳ ಹೆಂಗಸರು ‘ಮಹಿಳಾ ಮಿಲನ್’ ಎಂಬ ಸಂಘಟನೆಯಾದರು. ಜೋಕಿನ್ ಅವರ ಒಕ್ಕೂಟ ಜತೆಗೂಡಿತು. ಗುಡಿಸಲುಗಳಿಗೆ ನಂಬರು ಹಾಕುವುದು, ನಕ್ಷೆ ಬರೆಯುವುದು ಅವರದೇ ವಿದ್ಯೆಯಾಯಿತು. ಜೋಕಿನ್‌ಗೆ 2000ದಲ್ಲಿ ಮ್ಯಾಗ್ಸೆಸೆ, 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ಅವರು ತೀರಿಕೊಂಡರು. ಕೋಲಾರದಲ್ಲಿ ಅವರ ಹೆಸರು ಕೇಳಿದರೆ ಎಷ್ಟು ಮಂದಿ ಹೇಳುತ್ತಾರೋ!

ಕಾನೂನಿನ ಮಾತಿಗೆ ಬರುತ್ತೇನೆ, ಬೇಗ ಮುಗಿಸುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ನಾವು ಅರ್ಜಿ ಹಾಕುವ ಭಾಗವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಇತ್ಯಾದಿ. ಅದಕ್ಕೂ ಮೊದಲು ಬರುವ ನಾಲ್ಕನೆಯ ಪ್ರಕರಣ, ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಿ ಎನ್ನುತ್ತದೆ. ಸ್ಥಳೀಯ ಭಾಷೆ ಗಮನದಲ್ಲಿರಲಿ ಎನ್ನುತ್ತದೆ. ಪ್ರಕಟಿಸುವುದೆಂದರೆ ಏನು ಎಂದು ವಿವರಿಸುವಾಗ ಪಟ್ಟಿಯ ಮೊದಲಿಗೆ ಬರುವುದು ಸೂಚನಾ ಫಲಕ. ಆಮೇಲೆ ಪತ್ರಿಕೆ, ಸಾರ್ವಜನಿಕ ಘೋಷಣೆ, ಪ್ರಸಾರ. ಇಂಟರ್‌ನೆಟ್ ಅವುಗಳ ನಂತರ. ಕಾಯ್ದೆ ಬರೆದವರಿಗೆ ತಮಟೆ, ಗೋಡೆ ನೆನಪಿತ್ತು. ನಾವು ಪಟ್ಟಿಯನ್ನು ತಲೆಕೆಳಗು ಮಾಡಿ, ಜಾಲತಾಣ ಆಯಿತೆಂದರೆ ಕೆಲಸ ಆಯಿತು ಎಂದುಕೊಂಡೆವು.

ರಾಜಸ್ಥಾನದಲ್ಲಿ 2019ರಲ್ಲಿ ಜನರಿಗಾಗಿ ಮಾಹಿತಿಯ ಜಾಲತಾಣ ತೆರೆದರು, ನಮ್ಮಲ್ಲಿ ‘ಮಾಹಿತಿ ಕಣಜ’ ಬಂತು. ಕನ್ನಡದಲ್ಲಿದೆ, ಗ್ರಾಮ ಪಂಚಾಯಿತಿಯ ಮಟ್ಟಕ್ಕೂ ಇಳಿಯುತ್ತದೆ, ಮನಸಾರೆ ಮೆಚ್ಚುತ್ತೇನೆ. ಹೆಸರಂತೂ ಎಷ್ಟು ಚೆಂದ! ಆದರೆ ಕಣಜ ತುಂಬಿದ ಮನೆಯಲ್ಲೂ ಅಳೆದು ಹಾಕುವ ಕೊಳಗ ಒಂದು ಬೇಕು, ಹಾಕುವ ಕೈ ಬೇಕು. ರಾಜಸ್ಥಾನದ ಜಾಲತಾಣದ ಹಿಂದೆ ಅಂಥ ಕೈಗಳಿದ್ದವು. ಅರುಣಾ ರಾಯ್ ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನವಾಯಿ, ಎಂದರೆ ಜನರ ಬಹಿರಂಗ ವಿಚಾರಣಾ ಸಭೆ, ನಡೆಸಿತು. ಹಾಜರಿ ಪಟ್ಟಿ, ಬಿಲ್ಲುಗಳನ್ನು ಜನರೆದುರು ಗಟ್ಟಿಯಾಗಿ ಓದಿದರು, ಅಷ್ಟೆ. ‘ನಾನು ಆ ಕೆಲಸಕ್ಕೆ ಹೋಗೇ ಇಲ್ಲವಲ್ಲ’ ಎಂದು ಕೇಳುಗರೇ ಎದ್ದು ನಿಲ್ಲುವುದು ಅಂಥ ಸಭೆಗಳ ರೀತಿ. ಅಕ್ಷರ ಬಾರದವರೇ ಅಲ್ಲಿ ಲೆಕ್ಕ ಪರಿಶೋಧಕರು.

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಹಿಂದಿನ ವರ್ಷದ ಲೆಕ್ಕವನ್ನೂ ಕಾಮಗಾರಿಯನ್ನೂ ಜನರ ಮುಂದಿಟ್ಟು ತಾಳೆ ನೋಡಬೇಕು. ಎಷ್ಟೋ ಕಡೆ ಶಾಮಿಯಾನ, ಸಿಹಿ ಬೂಂದಿಯಲ್ಲಿ ಮುಗಿಯುತ್ತದೆ, ಅದು ಬೇರೆ. ನಿಯಮವಂತೂ ಇದೆ. ಪಟ್ಟಣದ ಕೇರಿಗೆ ಅಷ್ಟೂ ಇಲ್ಲ. ಬೆಂಗಳೂರಿನಲ್ಲಂತೂ ಇನ್ನೊಂದು ಚೆಲ್ಲಾಟ. 100 ಇದ್ದ ವಾರ್ಡುಗಳು 198 ಆದವು, 243 ಎಂದರು, 225 ಎಂದರು, ಈಗ ಐದು ಪಾಲಿಕೆಗಳಾಗಿ 369. ಆಡಳಿತಕ್ಕೆ ಕಾರಣಗಳು ಇರಬಹುದು. ಆದರೆ ನಮ್ಮ ವಾರ್ಡಿಗೆ ಹತ್ತು ವರ್ಷದಲ್ಲಿ ಎಷ್ಟು ಹಣ ಬಂತು ಎಂದು ಕೇಳಿದವನಿಗೆ ‘ಯಾವ ವಾರ್ಡು?’ ಎಂಬ ಮರುಪ್ರಶ್ನೆ ಸಿಗುತ್ತದೆ. ಗೆರೆ ಬದಲಾದಾಗ ಲೆಕ್ಕದ ದಾರ ತುಂಡಾಗುತ್ತದೆ. ಬೀದಿಯ ಹೆಸರು ಮಾತ್ರ ಅಲ್ಲೇ ಇರುತ್ತದೆ. ಬೀದಿಯನ್ನೇ ಲೆಕ್ಕದ ಘಟಕವಾಗಿಸಿಕೊಂಡರೆ ವಾರ್ಡು ಎಷ್ಟು ಸಲ ಬದಲಾದರೂ ಕೂಡಿಸಿಕೊಳ್ಳಬಹುದು ಎಂದು ಸೇವೆಯಲ್ಲಿದ್ದಾಗ ಎರಡು ಟಿಪ್ಪಣಿ ಬರೆದೆ. ಎರಡಕ್ಕೂ ‘ಕಡತದಲ್ಲಿರಿಸಿ’ ಎಂಬ ಆದೇಶ ಬಂತು.

ಸಾಕ್ಷರತೆ ಕಡಿಮೆ, ಮೊಬೈಲು ಇದ್ದರೂ ಓದಲಾರರು ಎಂಬ ನೆಪ ನನಗೆ ಒಪ್ಪಿಗೆಯಾಗುವುದಿಲ್ಲ. ಕನ್ನಡ ನಾಡಿನಲ್ಲಿ ಗಮಕಿಯೊಬ್ಬ ಪದ್ಯ ವಾಚಿಸುತ್ತಿದ್ದ, ಪಕ್ಕದಲ್ಲಿ ಕೂತವನು ಅರ್ಥ ಬಿಡಿಸುತ್ತಿದ್ದ. ಅಕ್ಷರ ಕಲಿಯದ ಎಷ್ಟೋ ಮಂದಿಗೆ ಕುಮಾರವ್ಯಾಸನ ಭಾರತ ತಿಳಿದದ್ದು ಹೀಗೆ. ನಡುಗನ್ನಡದ ಷಟ್ಪದಿಯನ್ನು ಹೊಲದ ಮಾತಿಗೆ ಇಳಿಸಬಲ್ಲ ನಾಡಿಗೆ ಪುರಸಭೆಯ ಬಜೆಟ್ಟು ಏನು ದೊಡ್ಡದು? ಅಂದಾಜು ಪಟ್ಟಿಯನ್ನು ಒಬ್ಬಳು ಓದಲಿ, ಇನ್ನೊಬ್ಬಳು ‘ಇದು ನಮ್ಮ ಚರಂಡಿಯ ಮಾತು’ ಎಂದು ಬಿಡಿಸಲಿ. ಆಶಾ ಕಾರ್ಯಕರ್ತೆ, ಗ್ರಂಥಾಲಯದ ಮೇಲ್ವಿಚಾರಕಿ, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹುಡುಗಿ, ಇವರಲ್ಲಿ ಯಾರಾದರೂ ಆದೀತು. ಅವರಿಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಹೊರಿಸಬೇಡಿ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ವ್ಯಾಖ್ಯಾನಕಾರನಿಗೂ ಸಂಭಾವನೆ ಇರಬೇಕು.

ಒಂದು ಅಳುಕನ್ನು ಮುಚ್ಚಿಡಲಾರೆ. ಬಡವರ ಬಗ್ಗೆ ಸರಕಾರಕ್ಕೆ ಈಗಾಗಲೇ ಅತಿಯಾಗಿ ಗೊತ್ತು. ಯಾರ ಕಾರ್ಡು ಯಾವುದು, ಯಾರ ಬೆರಳಚ್ಚು ಸವೆದಿದೆ, ಯಾರು ಪಿಂಚಣಿ ಪಡೆಯುತ್ತಾರೆ, ಎಲ್ಲ. ಗೋಡೆಯ ಮೇಲೆ ತೂಗಬೇಕಾದದ್ದು ಬಡವಿಯ ಸಂಸಾರವಲ್ಲ, ಕಚೇರಿಯ ಸಂಸಾರ. ಆದರೆ ಈ ಗೆರೆ ಎಳೆಯುವುದು ನಾನು ಹೇಳಿದಷ್ಟು ಸುಲಭವೂ ಅಲ್ಲ. ಹಾಜರಿ ಪಟ್ಟಿಯ ಕಳ್ಳತನ ಬಯಲಾದದ್ದೇ ಹೆಸರುಗಳನ್ನು ಓದಿದ್ದರಿಂದ. ಹೆಸರು ತೆಗೆದು ಮೊತ್ತವನ್ನಷ್ಟೇ ಓದಿದ್ದರೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಎಂಟನೆಯ ಪ್ರಕರಣವನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ನಿರಾಕರಿಸುವ ಬಾಗಿಲನ್ನು ಅಗಲ ಮಾಡಿದೆ. ಅಜ್ಜಿಯ ಹೆಸರಿದ್ದ ಆ ಕಾಮಗಾರಿಯ ಕಾಗದವನ್ನೂ ನಾಳೆ ಯಾರಾದರೂ ಅವಳ ಗೌಪ್ಯತೆಯ ಹೆಸರಿನಲ್ಲಿ ಅವಳಿಗೇ ಕೊಡದಿರಬಹುದು. ಸರಕಾರಿ ಹಣ ಮುಟ್ಟಿದ ಸಾಲು ತೆರೆದಿರಲಿ, ರೋಗ, ಸಾಲ, ಬೆರಳಚ್ಚು ಮುಚ್ಚಿರಲಿ ಎಂಬುದು ನನ್ನ ಅಂದಾಜು. ಇದಕ್ಕಿಂತ ಒಳ್ಳೆಯ ಗೆರೆ ಯಾರಾದರೂ ತೋರಿಸಿದರೆ ಒಪ್ಪಿಕೊಳ್ಳುತ್ತೇನೆ.

ಅಜ್ಜಿಯ ಬೀದಿಗೆ ನೀರು ಬಂತೇ ಎಂದು ನೀವು ಕೇಳದೆ ಬಿಡುವುದಿಲ್ಲ. ಬೀದಿಯವರು ಬಿಪಿಎಲ್ ಕಾರ್ಡಿನ ನಕಲು ಲಗತ್ತಿಸಿ ಆ ಕಾಮಗಾರಿಯ ಕಡತ ಕೇಳಿದರು, ಮೂವತ್ತು ದಿನಕ್ಕೆ ಬರಬೇಕಾದದ್ದು ಎರಡು ತಿಂಗಳಿಗೆ ಬಂತು. ಮಾರಮ್ಮನ ಗುಡಿಯ ಮುಂದೆ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಅದನ್ನು ಓದಿದಳು. ‘ಇಂಥವರ ಮನೆಯವರೆಗೆ’ ಎಂಬಲ್ಲಿಗೆ ಬಂದಾಗ ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಜೂನಿಯರ್ ಎಂಜಿನಿಯರನ್ನೂ ಕರೆಸಿದ್ದರು. ಪಾಪ, ಒಳ್ಳೆಯ ಹುಡುಗ, ಅನುಮತಿಯ ಕಾಗದ ಯಾರ ಮೇಜಿನಲ್ಲಿದೆ ಎಂದು ಅಲ್ಲೇ ಹೇಳಿಬಿಟ್ಟ. ಅದಾಗಿ ಏಳು ತಿಂಗಳಿಗೆ ರಸ್ತೆ ಅಗೆದು ಪೈಪು ಜೋಡಿಸಿದರು. ವಾರಕ್ಕೆ ಎರಡು ದಿನ ನೀರು ಎಂದರು. ಆ ಹುಡುಗಿ ನೀರು ಬಂದ ದಿನಗಳಿಗೆ ಗುಡಿಯ ಹಿಂಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕುತ್ತಾ ಬಂದಳು. ಬಾರದ ದಿನಕ್ಕೆ ಸೊನ್ನೆ. ವರ್ಗವಾಗಿ ಆ ಊರು ಬಿಡುವ ಮುನ್ನ ನಾನು ಗೀಟು, ಸೊನ್ನೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡೆ. ನಮ್ಮ ನಮೂನೆಯಲ್ಲಿ ಅದನ್ನು ತುಂಬಲು ಕಾಲಂ ಇರಲಿಲ್ಲ. ಹಾಳೆ ಇನ್ನೂ ನನ್ನ ಹತ್ತಿರವೇ ಇದೆ.